ಹಳದಿ ಜ್ವಾಲೆ

ಅಕ್ಟೋಬರ್ ೩

ತಮ್ಮಾ,

ನೀನು ನೆಲದ ಮೇಲೆ ಬಿಚ್ಚಿ ಹರಡಿಟ್ಟು ಹೋದ ಗ್ಯಾಸ್ ಮಷಿನ್ನಿನ ಸೆಲ್ಲನ್ನು ನಾನೇ ಜೋಡಿಸಿದೆ. ಒಂದು ಪ್ಲೇಟೂ ಮಿಕ್ಕಿಲ್ಲ, ಒಂದು ಹನಿಯೂ ಸೋರುತ್ತಿಲ್ಲ. ಬೋರ್ಡಿಗೆ ಅಕ್ಷರ ಕತ್ತರಿಸುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಅಂದಿದ್ದೆಯಲ್ಲ, ಆ ಮಾತನ್ನು ವಾಪಸ್ ತೆಗೆದುಕೊ.

ಫೋನ್ ಮಾಡಬೇಡ. ಮಾಡಿದರೂ ನಾನು ಎತ್ತುವುದಿಲ್ಲ. ನಾವಿಬ್ಬರೂ ಫೋನಿನಲ್ಲಿ ಏನು ಮಾತಾಡಿದರೂ ಕೊನೆಗೆ ಅಮ್ಮನ ಮಂದ ಕಿವಿಗೆ ಬೀಳುವುದು ನನ್ನ ಕಿರುಚಾಟ ಮಾತ್ರ. ಆಮೇಲೆ ಇಡೀ ದಿನ ‘ಅವನಿಗೇನಾಯ್ತು, ಯಾಕೆ ಬೈತಿದ್ದೀ’ ಅಂತ ನನ್ನ ತಲೆ ತಿನ್ನುತ್ತಾಳೆ. ಹೇಳುವುದಿದ್ದರೆ ಕಾಗದ ಬರೆ. ಬರೆದು ಮುಗಿಸುವಷ್ಟರಲ್ಲಿ ನಿನ್ನ ಸಿಟ್ಟು ಅರ್ಧ ಇಳಿದಿರುತ್ತದೆ, ಓದಿ ಮುಗಿಸುವಷ್ಟರಲ್ಲಿ ನನ್ನದೂ ಇಳಿಯಬಹುದು.

ನಿನ್ನನ್ನು ಮನೆಯಿಂದ ಹೋಗು ಅಂದದ್ದು ನಿಜ. ನಾಳೆ ಬೋರ್ಡ್ ಕೊಡಬೇಕು ಅನ್ನುವಾಗ ಇವತ್ತು ಮಷಿನ್ ಬಿಚ್ಚಿಕೊಂಡು ಕೂತವನಿಗೆ ಇನ್ನೇನು ಅನ್ನಬೇಕಿತ್ತು? ನೀರಿಗೆ ಕರೆಂಟ್ ಕೊಟ್ಟರೆ ಗ್ಯಾಸ್ ಬರುತ್ತದೆ, ಆ ಗ್ಯಾಸಿನ ಸಣ್ಣ ಉರಿ ಹಿಡಿದರೆ ಅಕ್ರಿಲಿಕ್ ಅಕ್ಷರದ ಅಂಚು ಗಾಜಿನ ಹಾಗೆ ಮಿಂಚುತ್ತದೆ ಅಂತ ನನಗೆ ಹೇಳಿಕೊಟ್ಟವನೇ ನೀನು. ಅದನ್ನು ನಂಬಿ ನಾನು ಗಿರಾಕಿಗಳಿಗೆ ಮಾತು ಕೊಟ್ಟೆ. ನಿನಗೆ ಮಾತ್ರ ಮಷಿನ್ ಯಾವತ್ತೂ ಮುಗಿಯಲೇ ಇಲ್ಲ. ಇನ್ನೆರಡು ಪ್ಲೇಟ್, ಇನ್ನೊಂದು ವಾಷರ್, ಇನ್ನೊಂದು ವಾರ!

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಹಾಗೇ ಇದೆ.

ಇಂತಿ,
ಅಕ್ಕ


ಅಕ್ಟೋಬರ್ ೧೭

ಅಕ್ಕಾ,

ವಾಪಸ್ ತೆಗೆದುಕೊಂಡಿದ್ದೇನೆ. ಸಂತೋಷವಾ?

ನನಗಿಲ್ಲಿ ಶೀತಲಗೃಹದಲ್ಲಿ ಕೆಲಸ ಸಿಕ್ಕಿದೆ. ಆಲೂಗಡ್ಡೆ, ಸೇಬಿನ ಮೂಟೆಗಳ ನಡುವೆ ಕಂಪ್ರೆಸರ್ ಕಾಯುವ ಕೆಲಸ. ಬದಲಿ ಆಳು ಬರುವವರೆಗೆ ಜಾಗ ಬಿಟ್ಟು ಕದಲುವಂತಿಲ್ಲ. ಟೈರ್ ಅಂಗಡಿಯ ಮೇಲೊಂದು ಕೋಣೆ ಹಿಡಿದಿದ್ದೇನೆ. ಹಗಲೆಲ್ಲ ಚಳಿಯಲ್ಲಿ ನಡುಗಿ, ಸಂಜೆ ಬಂದು ರಬ್ಬರಿನ ವಾಸನೆಯಲ್ಲಿ ಮಲಗುತ್ತೇನೆ.

ಸೆಲ್ ವಿಷಯಕ್ಕೆ ಬರುತ್ತೇನೆ, ಮುಖ ಸಿಂಡರಿಸದೆ ಓದು. ಆ ಡಬ್ಬಿಯೊಳಗೆ ಪ್ಲೇಟುಗಳ ನಡುವೆ ಆರು ಸಂದುಗಳಿವೆ. ಹನ್ನೆರಡು ವೋಲ್ಟ್ ಅಷ್ಟರಲ್ಲೂ ಹಂಚಿಹೋಗಿ ಒಂದೊಂದು ಸಂದಿಗೆ ಎರಡು ಸಿಗುತ್ತದೆ. ನೀರು ಒಡೆಯಲು ಅಷ್ಟು ಸಾಕು. ಗ್ಯಾಸ್ ನಿಧಾನವಾಗಿ ಬರುತ್ತದೆ, ಆದರೆ ಡಬ್ಬಿ ತಣ್ಣಗಿರುತ್ತದೆ, ಉರಿ ಶುದ್ಧವಾಗಿರುತ್ತದೆ. ಹೆಚ್ಚು ಗ್ಯಾಸ್ ಬೇಕಾದರೆ ಪಕ್ಕದಲ್ಲಿ ಇನ್ನೊಂದು ಸೆಲ್ ಕಟ್ಟಬೇಕು. ಇರುವ ಒಂದನ್ನೇ ಹಿಂಡಬಾರದು. ನಾನು ಬಿಚ್ಚಿಕೊಂಡು ಕೂತಿದ್ದು ಅದಕ್ಕೇ. ನೀನು ಕೇಳುವ ಸಹನೆಯಲ್ಲಿರಲಿಲ್ಲ, ನನಗೂ ಹೇಳುವ ಸಹನೆ ಇರಲಿಲ್ಲ.

ಸೆಲ್ಲಿನ ನೀರಿಗೆ ಕಾಸ್ಟಿಕ್ ಸೋಡ ಬೆರೆಸುವಾಗ ಕನ್ನಡಕ ಹಾಕಿಕೊ. ಅಮ್ಮನಿಗೆ ನಾನು ಕೇಳಿದೆ ಅಂತ ಗಟ್ಟಿಯಾಗಿ ಹೇಳು.

ನಿನ್ನ,
ತಮ್ಮ


ನವೆಂಬರ್ ೨೧

ತಮ್ಮಾ,

ಇಷ್ಟು ದಿನ ಬರೆಯಲಾಗಲಿಲ್ಲ, ಕೈತುಂಬ ಕೆಲಸ. ಹೊಸ ಆಸ್ಪತ್ರೆಯ ಬೋರ್ಡುಗಳೆಲ್ಲ ನನಗೇ ಸಿಕ್ಕಿವೆ! ಹೊರಗಿನ ದೊಡ್ಡ ಹೆಸರಿನಿಂದ ಹಿಡಿದು ಒಳಗಿನ ಒಂದೊಂದು ಬಾಗಿಲ ಮೇಲಿನ ಅಕ್ಷರದವರೆಗೆ. ಲೇಸರಿನಲ್ಲಿ ಅಕ್ಷರ ಕತ್ತರಿಸುವ ಎದುರಿನ ಅಂಗಡಿಯವನು ಹೊಟ್ಟೆಗೆ ಕಿಚ್ಚು ಬಿದ್ದವನಂತೆ ನನ್ನ ಬಾಗಿಲನ್ನೇ ನೋಡುತ್ತ ನಿಂತಿರುತ್ತಾನೆ. ಈ ಕೆಲಸ ಹೊತ್ತಿಗೆ ಸರಿಯಾಗಿ ಕೊಟ್ಟರೆ ಈ ಬೀದಿಯಲ್ಲಿ ನನ್ನ ಅಂಗಡಿ ಉಳಿಯುತ್ತದೆ. ಕೊಡದಿದ್ದರೆ ಶಟರ್ ಎಳೆದು ಅವನ ಹತ್ತಿರವೇ ಕೆಲಸ ಕೇಳಬೇಕಾಗುತ್ತದೆ. ನಾನು ಅಳುತ್ತಿಲ್ಲ, ಇರುವುದನ್ನು ಇರುವ ಹಾಗೆ ಹೇಳುತ್ತಿದ್ದೇನೆ.

ನಿನ್ನ ನಿಧಾನದ ಉರಿಯಲ್ಲಿ ಒಂದು ಅಕ್ಷರವನ್ನು ಸುತ್ತಿ ಬರುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಹೋಗುತ್ತಿತ್ತು. ಬ್ಯಾಟರಿ ಅಂಗಡಿಯವನು ಬಂದು ನೋಡಿ, ‘ಮಧ್ಯದ ಎರಡು ಪ್ಲೇಟ್ ತೆಗೀರಿ, ಕಾಸ್ಟಿಕ್ ಸ್ವಲ್ಪ ಜಾಸ್ತಿ ಹಾಕಿ, ಆಮೇಲೆ ನೋಡಿ ಮಜಾ’ ಅಂದ. ತೆಗೆದೆ. ಗ್ಯಾಸ್ ಬುಸುಬುಸು ಬರುತ್ತಿದೆ! ನೀನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡದ್ದನ್ನು ಅವನು ಟೀ ಲೋಟ ಕೆಳಗಿಡದೆ ಮುಗಿಸಿಕೊಟ್ಟ.

ಡಬ್ಬಿ ಬಿಸಿಯಾಗುತ್ತದೆ, ಹೌದು. ಅದೂ ಒಳ್ಳೆಯದೇ ಆಯಿತು. ಚಳಿ ಶುರುವಾದ ಮೇಲೆ ಅಮ್ಮ ತನ್ನ ಕುರ್ಚಿಯನ್ನು ಒಳಕೋಣೆಯಿಂದ ಎಳೆಸಿ, ಮನೆಯ ಮುಂಭಾಗದ ಅಂಗಡಿಯಲ್ಲಿ ಸೆಲ್ಲಿನ ಪಕ್ಕವೇ ಹಾಕಿಸಿಕೊಂಡಿದ್ದಾಳೆ. ಮಂಡಿಯನ್ನು ಡಬ್ಬಿಯ ಕಡೆ ತಿರುಗಿಸಿಕೊಂಡು, ‘ಎಷ್ಟು ಹಿತವಾಗಿದೆ ಗೊತ್ತಾ’ ಅನ್ನುತ್ತಾಳೆ. ಬೆಳಿಗ್ಗೆ ನಾನು ಸ್ವಿಚ್ ಹಾಕುವುದನ್ನೇ ಕಾಯುತ್ತಿರುತ್ತಾಳೆ. ಇಷ್ಟು ವರ್ಷದಲ್ಲಿ ಅವಳು ಮುಲುಗದೆ ಕಳೆಯುತ್ತಿರುವ ಮೊದಲ ಚಳಿಗಾಲ ಇದು.

ಇಂತಿ,
ಅಕ್ಕ


ನವೆಂಬರ್ ೨೯

ಅಕ್ಕಾ,

ಕಾಗದ ಓದಿದೆ. ಆ ಎರಡು ಪ್ಲೇಟುಗಳನ್ನು ವಾಪಸ್ ಹಾಕು. ಇವತ್ತೇ.

ಆರು ಸಂದಿದ್ದದ್ದು ಈಗ ನಾಲ್ಕಾಗಿದೆ. ಒಂದೊಂದಕ್ಕೂ ಮೂರು ವೋಲ್ಟ್ ಬೀಳುತ್ತಿದೆ. ಗ್ಯಾಸ್ ಜಾಸ್ತಿ ಬರುವುದು ಸುಳ್ಳಲ್ಲ, ಆದರೆ ನೀನು ಕೊಡುವ ಕರೆಂಟಿನಲ್ಲಿ ಅರ್ಧಕ್ಕರ್ಧ ಬರೀ ನೀರು ಕಾಯಿಸಲು ಹೋಗುತ್ತಿದೆ. ಅಮ್ಮ ಮಂಡಿ ಕಾಯಿಸಿಕೊಳ್ಳುತ್ತಿರುವುದು ಹಾಗೆ ದಂಡವಾಗುವ ಕರೆಂಟಿನಲ್ಲಿ. ಬಿಸಿ ಹೆಚ್ಚಿದ ಹಾಗೆ ಕರೆಂಟ್ ಹೆಚ್ಚು ಎಳೆಯುತ್ತದೆ, ಕರೆಂಟ್ ಹೆಚ್ಚಿದ ಹಾಗೆ ಇನ್ನೂ ಬಿಸಿಯಾಗುತ್ತದೆ. ಅದಕ್ಕೆ ಕೊನೆಯಿಲ್ಲ. ಸಾಬೂನಿನಂಥ ನೊರೆ ಎದ್ದು ಪೈಪಿಗೆ ಏರುತ್ತದೆ.

ಬ್ಯಾಟರಿ ಅಂಗಡಿಯವನು ಒಳ್ಳೆಯವನೇ, ಆದರೆ ಅವನಿಗೆ ಗೊತ್ತಿರುವುದು ಬ್ಯಾಟರಿ. ಅಲ್ಲಿ ಹುಟ್ಟಿದ ಗ್ಯಾಸ್ ಗಾಳಿಗೆ ಹೋಗುತ್ತದೆ. ಇಲ್ಲಿ ನಾವು ಅದಕ್ಕೆ ಬೆಂಕಿ ಹಚ್ಚುತ್ತೇವೆ.

ಅಮ್ಮನ ಕುರ್ಚಿಯನ್ನು ಅಲ್ಲಿಂದ ತೆಗೆ. ಅವಳಿಗೊಂದು ಹೀಟರ್ ಕಳಿಸುತ್ತೇನೆ. ನನ್ನ ಮೇಲಿನ ಕೋಪಕ್ಕೆ ಇದನ್ನು ಮಾತ್ರ ಕಡೆಗಣಿಸಬೇಡ.

ತಮ್ಮ


ಜನವರಿ ೬

ತಮ್ಮಾ,

ಹೀಟರ್ ಬಂತು. ಅಮ್ಮ ಅದನ್ನು ಹಚ್ಚಲು ಬಿಡುವುದಿಲ್ಲ. ‘ಅದರ ಕೆಂಪು ನೋಡಿದ್ರೆ ಕಣ್ಣುರಿ, ನನಗೆ ಇದೇ ಸಾಕು’ ಅಂತ ಮತ್ತೆ ಹಳೆಯ ಜಾಗಕ್ಕೇ ಬಂದು ಕೂತಿದ್ದಾಳೆ. ಎಳೆದೆಬ್ಬಿಸಲು ನನ್ನಿಂದಾಗುವುದಿಲ್ಲ, ನೀನಿದ್ದರೆ ನೀನೇ ಎಬ್ಬಿಸಬಹುದಿತ್ತು.

ಪ್ಲೇಟ್ ವಾಪಸ್ ಹಾಕಿಲ್ಲ. ಸುಳ್ಳು ಹೇಳುವುದಿಲ್ಲ. ಹದಿನಾಲ್ಕನೇ ತಾರೀಖು ಆಸ್ಪತ್ರೆಯ ಬಾಗಿಲು ತೆರೆಯುತ್ತದೆ, ಹನ್ನೆರಡಕ್ಕೆ ಬೋರ್ಡುಗಳೆಲ್ಲ ಗೋಡೆಯ ಮೇಲಿರಬೇಕು. ಒಂದು ವಾರ ಮಷಿನ್ ನಿಲ್ಲಿಸಿದರೆ ಮುಗಿಯಿತು ನನ್ನ ಕಥೆ. ನಿನ್ನ ಎಲ್ಲ ಕಾಗದದಲ್ಲೂ ಇರುವುದು ಒಂದೇ ಮಾತು, ನಿಲ್ಲಿಸು, ನಿಲ್ಲಿಸು. ನೀನು ಇಲ್ಲಿದ್ದಾಗಲೂ ಅದನ್ನೇ ಹೇಳುತ್ತಿದ್ದೆ. ಯಾವುದು ನಿಜವಾದ ‘ನಿಲ್ಲಿಸು’, ಯಾವುದು ನಿನ್ನ ಚಟ ಅಂತ ನಾನು ಹೇಗೆ ತಿಳಿಯಲಿ?

ಆದರೆ ನಿನಗೆ ಸಮಾಧಾನ ಆಗುವ ಒಂದು ಸುದ್ದಿ ಇದೆ. ಆ ಗ್ಯಾಸಿನ ಉರಿ ಕಣ್ಣಿಗೇ ಕಾಣುವುದಿಲ್ಲ ಅನ್ನುವುದೇ ನನಗಿದ್ದ ದೊಡ್ಡ ಭಯ. ನೆನಪಿದೆಯಲ್ಲ, ಕಿಟಕಿಯ ಬಿಸಿಲಿನಲ್ಲಿ ಉರಿ ಆರಿದೆ ಅಂದುಕೊಂಡು ನಾನು ನಳಿಕೆಯ ಮುಂದೆ ಬೆರಳು ಹಿಡಿದದ್ದು? ಗುರುತು ಇನ್ನೂ ಹೋಗಿಲ್ಲ. ಈಗ ಆ ಕಾಟ ತಪ್ಪಿತು. ಹೋದ ವಾರದಿಂದ ಉರಿ ತಾನಾಗಿಯೇ ಹಳದಿಯಾಗಿದೆ, ಒಳ್ಳೆ ಗಾಢ ಹಳದಿ. ಅಂಗಡಿಯ ಬಾಗಿಲಲ್ಲಿ ನಿಂತರೂ ಕಾಣುತ್ತದೆ. ಮಷಿನ್ ಪಳಗಿತು ಅಂದುಕೊಂಡೆ. ನಳಿಕೆಯ ಸೂಜಿಯನ್ನೂ ಬದಲಾಯಿಸಿ ದೊಡ್ಡ ತೂತಿನದು ಹಾಕಿದ್ದೇನೆ, ಉರಿ ಅಗಲವಾಗಿ ಬಂದು ಕೆಲಸ ಬೇಗ ಸಾಗುತ್ತದೆ. ಇನ್ನು ನೀನು ನಿಶ್ಚಿಂತೆಯಾಗಿರು.

ಇಂತಿ,
ಅಕ್ಕ


ಜನವರಿ ೧೧, ಮಧ್ಯಾಹ್ನ

ಅಕ್ಕಾ,

ನಿನ್ನ ಕಾಗದ ಈಗ ತಾನೇ ಕೈಸೇರಿತು. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಆಡಿದ ಮಾತು ಉಳಿಸಿಕೊಳ್ಳುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ ತಾಯಿ. ಕೊನೆಗೆ ನಿನ್ನ ಪಕ್ಕದ ಅಂಗಡಿಯ ಟೈಲರ್ ಮಾವನಿಗೆ ಮಾಡಿದೆ. ‘ಓಡಿಹೋಗಿ ಮಷಿನ್ ಆರಿಸಲು ಹೇಳಿ, ಹಳದಿ ಉರಿ ಒಳ್ಳೆಯದಲ್ಲ ಅನ್ನಿ’ ಅಂದೆ. ಅವರು ತಿರುಗಿ ಫೋನ್ ಮಾಡುವವರೆಗೆ ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಶುದ್ಧ ಗ್ಯಾಸಿನ ಉರಿಗೆ ಬಣ್ಣವಿರುವುದಿಲ್ಲ. ಆ ಹಳದಿ ಬಂದದ್ದು ಕಾಸ್ಟಿಕ್ಕಿನಿಂದ. ಸೆಲ್ ಕುದಿದು ನೊರೆ ಎದ್ದು, ಪೈಪ್ ದಾಟಿ, ನಡುವಿನ ನೀರಿನ ಗಾಜಿನ ಜಾಡಿಗೂ ಇಳಿದು, ಅಲ್ಲಿಂದ ಉರಿಯವರೆಗೆ ಬಂದಿದೆ ಅಂತ ಅರ್ಥ. ಉರಿ ಹಿಂದಕ್ಕೆ ನುಗ್ಗಿದರೆ ತಡೆಯಲು ನಮಗಿರುವುದು ಆ ಜಾಡಿಯ ನೀರೊಂದೇ. ಈಗ ಅದರಲ್ಲಿ ನೀರಿಗಿಂತ ನೊರೆ ಹೆಚ್ಚು, ಆ ನೊರೆಯ ಒಂದೊಂದು ಗುಳ್ಳೆಯೊಳಗೂ ಗ್ಯಾಸೇ ತುಂಬಿದೆ. ಅದು ಸಾಲದೆಂದು ನಳಿಕೆಯ ತೂತು ದೊಡ್ಡದು ಮಾಡಿದ್ದೀಯ. ಸಣ್ಣ ತೂತಿನಲ್ಲಿ ಗ್ಯಾಸ್ ರಭಸವಾಗಿ ಹೊರಗೆ ಬರುವುದರಿಂದ ಉರಿ ಒಳಗೆ ಬರಲಾರದೆ ಹೊರಗೇ ನಿಲ್ಲುತ್ತದೆ. ತೂತು ಅಗಲವಾದರೆ ಆ ರಭಸ ಸತ್ತುಹೋಗುತ್ತದೆ. ಉರಿ ಯಾವ ಕ್ಷಣ ಬೇಕಾದರೂ ಒಳಗೆ ಹೋಗಬಹುದು.

ಕಾಣದಿದ್ದಾಗ ನೀನು ಅದಕ್ಕೆ ಹೆದರುತ್ತಿದ್ದೆ. ಈಗ ಕಾಣುತ್ತಿದೆ ಅಂತ ಹೆದರಿಕೆ ಬಿಟ್ಟಿದ್ದೀಯ!

ಟೈಲರ್ ಮಾವ ಫೋನ್ ಮಾಡಿದರು. ನೀನು ತಲೆ ಎತ್ತಿಯೂ ನೋಡಲಿಲ್ಲವಂತೆ. ‘ಅವನಿಗೆ ಹೇಳಿ ಮಾವ, ಇನ್ನು ಹತ್ತೇ ಅಕ್ಷರ ಇದೆ, ಮುಗಿದ ಮೇಲೆ ಆರಿಸ್ತೀನಿ ಅಂತ’ ಅಂದೆಯಂತೆ. ಅಮ್ಮ ಎಲ್ಲಿದ್ದಾಳೆ ಅಂತ ಕೇಳಿದೆ. ‘ಅಲ್ಲೇ ಪಕ್ಕದಲ್ಲೇ ಕೂತು ತೂಕಡಿಸ್ತಾ ಇದ್ದಾರಪ್ಪ’ ಅಂದರು.

ಅಕ್ಕಾ, ನನಗೆ ಅಳು ಬಂತು. ಫೋನಿನಲ್ಲೇ ಅತ್ತೆ. ‘ಮಾವ, ಅವಳು ಕೇಳಲ್ಲ, ಬಿಡಿ. ನೀವು ಏನು ನೆಪ ಬೇಕಾದರೂ ಹೇಳಿ, ಅಮ್ಮನನ್ನು ಮಾತ್ರ ಆ ಕುರ್ಚಿಯಿಂದ ಎಬ್ಬಿಸಿ ನಿಮ್ಮ ಅಂಗಡಿಗೆ ಕರ್ಕೊಂಡು ಹೋಗಿ’ ಅಂದೆ. ಆಯ್ತು ಅಂತ ಇಟ್ಟರು. ಆಮೇಲೆ ಎರಡು ಸಲ ಮಾಡಿದೆ. ಅವರೂ ಎತ್ತುತ್ತಿಲ್ಲ.

ಬದಲಿ ಆಳಿಗೆ ಹೇಳಿ ಕಳಿಸಿದ್ದೇನೆ. ಅವನು ಬಂದ ತಕ್ಷಣ ಹೊರಡಬಹುದು, ಆದರೆ ಅಲ್ಲಿಗೆ ಇಡೀ ದಿನದ ದಾರಿ. ಕೊರಿಯರ್‌ನವನು ಶೀತಲಗೃಹದ ಗೇಟಿನಲ್ಲಿ ಕೂಗುತ್ತಿದ್ದಾನೆ. ಕೊಡಲೋ ಬೇಡವೋ ಗೊತ್ತಾಗುತ್ತಿಲ್ಲ. ಇದು ನಿನ್ನ ಕೈಗೆ ಸಿಗುವಾಗ ನೀನು ಓದುವ ಸ್ಥಿತಿಯಲ್ಲಿದ್ದರೆ ಅಷ್ಟೇ ಸಾಕು. ಇನ್ನು ಯಾವತ್ತೂ ನಿನ್ನನ್ನು ಅವಸರದವಳು ಅನ್ನುವುದಿಲ್ಲ.

ತಮ್ಮ


ಜನವರಿ ೧೩

ತಮ್ಮಾ,

ಯಾರಿಗೂ ಏನೂ ಆಗಿಲ್ಲ ಅಂತ ಟೈಲರ್ ಮಾವ ಅವತ್ತೇ ನಿನಗೆ ಫೋನ್ ಮಾಡಿ ಹೇಳಿದರಂತೆ. ಅದನ್ನು ಕೇಳಿ, ಬರಬೇಕಿದ್ದವನು ಅಲ್ಲೇ ಉಳಿದೆಯಂತೆ. ‘ನನ್ನನ್ನು ನೋಡಿದರೆ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತೆ’ ಅಂದೆಯಂತೆ. ಅವರು ಹೇಳದೆ ಬಿಟ್ಟದ್ದನ್ನು ನಾನು ಬರೆಯುತ್ತಿದ್ದೇನೆ. ಎಡಗೈಗೆ ಬಟ್ಟೆ ಸುತ್ತಿದೆ, ಬಲಗೈ ಸರಿಯಿದೆ.

ನೀನು ಫೋನ್ ಮಾಡಿ ಹೇಳಿದ ಮೇಲೆ ಮಾವ ಎರಡನೇ ಸಲ ಬಂದರು. ಸೀದಾ ಅಮ್ಮನ ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದರು: ‘ಅಕ್ಕೋರೇ, ನಿಮ್ಮ ಮಗ ನಿಮಗೆ ಬೆಚ್ಚನೆ ಕೋಟು ಹೊಲಿಸೋಕೆ ಹೇಳಿದ್ದಾನೆ, ಅಳತೆ ಕೊಡಬೇಕು, ಬನ್ನಿ!’ ಹೀಟರಿಗೆ ಏಳದವಳು, ನನ್ನ ಮಾತಿಗೆ ಏಳದವಳು, ಅಷ್ಟಕ್ಕೇ ಸೆರಗು ಸರಿಮಾಡಿಕೊಂಡು ಎದ್ದು ಹೊರಟೇ ಬಿಟ್ಟಳು. ನಾನು ಒಳಗೊಳಗೇ ಉರಿದುಕೊಂಡೆ. ಹೋಗಲಿ, ನೆಮ್ಮದಿಯಾಗಿ ಕೆಲಸ ಮಾಡಬಹುದು ಅಂದುಕೊಂಡೆ.

ಎರಡು ಅಕ್ಷರ ಮುಗಿಸಿ ಮೂರನೆಯದನ್ನು ಹಿಡಿದಿದ್ದೆ. ಉರಿ ಒಮ್ಮೆ ಕುಗ್ಗಿ ನಳಿಕೆಯೊಳಗೆ ಕಂತಿತು. ಚಿಟ್ ಅಂದ ಹಾಗಾಯಿತು. ಆಮೇಲೆ ಆದದ್ದು ನನಗೆ ಶಬ್ದವಾಗಿ ನೆನಪಿಲ್ಲ. ಯಾರೋ ಎದೆಗೆ ಕೈಯಿಟ್ಟು ದಬ್ಬಿದ ಹಾಗಿತ್ತು. ಎದ್ದು ನೋಡಿದರೆ ಜಾಡಿ ಇಲ್ಲ. ಸೆಲ್ಲಿನ ಮುಚ್ಚಳ ಮೇಲಿನ ತಗಡಿಗೆ ಸಿಕ್ಕಿಕೊಂಡಿತ್ತು. ನನ್ನ ಮುಂಗೈ ಮೇಲೆ ಕಾಸ್ಟಿಕ್ ಹಾರಿತ್ತು, ಓಡಿಹೋಗಿ ನಲ್ಲಿಯ ಕೆಳಗೆ ಹಿಡಿದೆ. ಕನ್ನಡಕ ಹಾಕಿಕೊಂಡಿದ್ದೆ ತಮ್ಮಾ. ಆ ಒಂದು ಮಾತನ್ನು ಕೇಳಿದ್ದೆ.

ಅಮ್ಮನ ಕುರ್ಚಿಯ ಬೆನ್ನಿಗೆ ಗಾಜಿನ ಚೂರುಗಳು ನೆಟ್ಟಿದ್ದವು. ಅವಳು ತಲೆ ಒರಗಿಸುವ ಜಾಗಕ್ಕೆ ಸರಿಯಾಗಿ. ಕೂರುವ ಹಲಗೆಯ ಮೇಲೆ ಕಾಸ್ಟಿಕ್ ನೀರು ಹರಿದು ಬಣ್ಣ ಸುಲಿದುಹೋಗಿತ್ತು. ನೋಡುತ್ತ ನಿಂತವಳಿಗೆ ಕೈ ಉರಿಯುತ್ತಿರುವುದೂ ಮರೆತುಹೋಯಿತು. ನಾನು ನನ್ನ ಅಮ್ಮನನ್ನು ಕೊಲ್ಲುತ್ತಿದ್ದೆ. ಹತ್ತು ಅಕ್ಷರಕ್ಕಾಗಿ. ಇದನ್ನು ಬೇರೆ ಮಾತಿನಲ್ಲಿ ಹೇಳಲು ನೋಡಿದೆ, ಆಗಲಿಲ್ಲ.

ಉಳಿದ ಅಕ್ಷರಗಳನ್ನು ಲೇಸರ್ ಅಂಗಡಿಯವನಿಗೆ ಕೊಟ್ಟೆ. ಶಬ್ದ ಕೇಳಿ ಎಲ್ಲರಿಗಿಂತ ಮೊದಲು ಓಡಿಬಂದವನೂ ಅವನೇ. ಬೋರ್ಡಿನ ಮೂಲೆಯಲ್ಲಿ ಅವನ ಅಂಗಡಿಯ ಹೆಸರೂ ಇದೆ. ಅಂಗಡಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಈಗ ಅದನ್ನು ಯೋಚಿಸುವ ಶಕ್ತಿ ನನಗಿಲ್ಲ.

ಮಾವ ನಿನಗೆ ಹೇಳದೆ ಬಿಟ್ಟದ್ದು ಇದು. ಸಿಡಿದ ಹೊತ್ತಿನಲ್ಲಿ ಅಮ್ಮ ಅವರ ಅಂಗಡಿಯಲ್ಲಿ ಎರಡೂ ಕೈ ಚಾಚಿಕೊಂಡು ನಿಂತಿದ್ದಳಂತೆ. ಅವರು ಅವಳನ್ನು ಹಿಡಿದಿಟ್ಟುಕೊಳ್ಳಲು ಒಂದೇ ತೋಳನ್ನು ಮತ್ತೆ ಮತ್ತೆ ಅಳೆಯುತ್ತಿದ್ದರಂತೆ. ನಾವು ಬಾಯಿ ಬಡಿದುಕೊಂಡರೂ ಕೇಳದವಳಿಗೆ ಆ ಶಬ್ದ ಕೇಳಿಸಿತು. ಮಾವನ ಕೈಯಿಂದ ಟೇಪ್ ಜಾರಿತು, ಬೀದಿಯವರೆಲ್ಲ ಚೀರಿಕೊಂಡರು. ಅಮ್ಮ ಮಾತ್ರ ಮುಖ ಅರಳಿಸಿ, ‘ನನ್ನ ಮಗ ಬಂದ’ ಅಂದಳಂತೆ.

ನೀನು ಸೆಲ್ ಕಟ್ಟುತ್ತಿದ್ದ ದಿನಗಳಲ್ಲಿ ಬಟ್ಟಲಲ್ಲಿ ಸಾಬೂನಿನ ನೊರೆ ಮಾಡಿ, ಅದಕ್ಕೆ ಗ್ಯಾಸ್ ತುಂಬಿಸಿ, ಕಡ್ಡಿ ಗೀರಿ ಢಂ ಅನ್ನಿಸುತ್ತಿದ್ದೆ. ಗ್ಯಾಸ್ ಸರಿಯಿದೆಯೇ ಅಂತ ನೋಡಲು ಅನ್ನುತ್ತಿದ್ದೆ, ನಾನು ಬೈಯುತ್ತಿದ್ದೆ. ಅಮ್ಮನಿಗೆ ಅರೆಬರೆಯಾಗಿ ಅಲ್ಲದೆ ಪೂರ್ತಿಯಾಗಿ ಕೇಳುವ ಶಬ್ದ ಈ ಮನೆಯಲ್ಲಿ ಅದೊಂದೇ ಅಂತ ನನಗೆ ಹೊಳೆದೇ ಇರಲಿಲ್ಲ. ಅವಳು ಅದನ್ನು ನಿನ್ನ ದನಿ ಅಂತಲೇ ಇಟ್ಟುಕೊಂಡಿದ್ದಾಳೆ.

ಮಾವ ತಡೆದರೂ ನಿಲ್ಲದೆ ಮನೆಗೆ ಬಂದಳು. ಗಾಜು ತುಳಿಯದ ಹಾಗೆ ನಾನು ಹಿಡಿದುಕೊಂಡೆ. ನನ್ನ ಕೈ ನೋಡಿದಳು, ಕುರ್ಚಿ ನೋಡಿದಳು. ಒಳಕೋಣೆಯಲ್ಲಿ ಇಣುಕಿದಳು, ಅಡುಗೆಮನೆಯಲ್ಲಿ ಇಣುಕಿದಳು. ‘ಎಲ್ಲೇ ಅವನು?’ ಅಂದಳು.

ಆ ಶಬ್ದ ನೀನಲ್ಲ ಅಂತ ಹೇಳಬೇಕಿತ್ತು. ‘ಮಷಿನ್ ಪೈಪ್ ತರೋಕೆ ಹೋಗಿದ್ದಾನೆ’ ಅಂದುಬಿಟ್ಟೆ.

ಅವತ್ತಿನಿಂದ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತಿದ್ದಾಳೆ. ಅಲ್ಲಿ ಚಳಿಗಾಳಿ, ಮಂಡಿ ಊದಿಕೊಂಡಿದೆ, ಒಳಗೆ ಬಾ ಅಂದರೆ ಬರುವುದಿಲ್ಲ. ಇವತ್ತು ಬೆಳಿಗ್ಗೆ ನಾನು ತಡೆಯಲಾರದೆ, ‘ಅವನು ಬರೋದು ತಡ ಆಗುತ್ತಮ್ಮ’ ಅಂದೆ. ನನ್ನನ್ನೇ ಬೈದಳು. ‘ಆಗ್ಲಿ ಬಿಡು. ನೀನು ಅವಸರ ಮಾಡ್ಬೇಡ. ನಾಲ್ಕು ಅಂಗಡಿ ನೋಡಿ, ಒಳ್ಳೇದು ಸಿಕ್ಕಿದ ಮೇಲೇ ತರೋದು ಅವನು.’

ನಿನ್ನ,
ಅಕ್ಕ